ಅಂಕಿಯೂ ಅಂಕಿಯ ಉಡುಗೆಯೂ

ಲೆಕ್ಕವನ್ನು ಬರೆದಿಡುವುದು ಮನುಷ್ಯನ ಬಹು ಹಳೆಯ ಅಭ್ಯಾಸ. ನಮ್ಮ ನಾಡಿನಲ್ಲಿ ಹಿಂದೆ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಆ ಕಪ್ಪು ಹಾಳೆಯ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಕಡತವಾಗಲಿ, ಅನಂತರ ಬಂದ ಕಾಗದದ ಖಾತೆಪುಸ್ತಕವಾಗಲಿ, ಅದನ್ನು ಬರೆಯುವ ಒಳ್ಳೆಯ ಲೆಕ್ಕಿಗನು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿದ್ದನು. ಸರಿಯಾದ ಅಂಕಿಯನ್ನು ಬರೆಯುವುದು ಒಂದು. ಓದುವವನಿಗೆ ಅಪಾರ್ಥವಾಗದಂತೆ ಬರೆಯುವುದು ಇನ್ನೊಂದು. ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು, ನೂರರ ಕೆಳಗೆ ನೂರು ಬರುವಂತೆ ಅಂಕಿಗಳನ್ನು ಜೋಡಿಸುವುದು, ಮೊತ್ತದ ಮೇಲೆ ಗೆರೆ ಎಳೆಯುವುದು, ಜಮೆಯನ್ನೂ ಖರ್ಚನ್ನೂ ಬೇರೆ ಬೇರೆ ಪಕ್ಕಗಳಲ್ಲಿ ಕಾಣಿಸುವುದು, ಇವೆಲ್ಲವೂ ಎರಡನೆಯ ಕೆಲಸಕ್ಕೆ ಸೇರಿದವು.

ಲೇಖನಿ ಹಿಡಿದು ಬರೆಯುವಾಗ ಇವೆರಡೂ ಬೇರೆ ಬೇರೆ ಕೆಲಸಗಳೆಂದು ನಮಗೆ ತೋರುವುದೇ ಇಲ್ಲ. ಅಂಕಿಯನ್ನು ಬರೆಯುವ ಕೈಯೇ ಅದರ ಆಕಾರವನ್ನೂ ಸ್ಥಾನವನ್ನೂ ನಿರ್ಧರಿಸುತ್ತದೆ. ಆದರೆ ಗಣಕಯಂತ್ರದಲ್ಲಿ ಲೆಕ್ಕ ಬರೆಯತೊಡಗಿದ ಮೇಲೆ ಅಂಕಿಯೇ ಬೇರೆ, ಅದು ಕಣ್ಣಿಗೆ ಕಾಣುವ ರೂಪವೇ ಬೇರೆ ಎಂದಾಯಿತು. ಈ ಭೇದವನ್ನು ಅರಿತವನಿಗೆ ಯಂತ್ರವು ದೊಡ್ಡ ಸಹಾಯಕ. ಅರಿಯದವನನ್ನು ಅದು ಸದ್ದಿಲ್ಲದೆ ದಾರಿತಪ್ಪಿಸಲೂಬಹುದು. ಈ ಭೇದವೇನು, ಅಂಕಿಗಳಿಗೆ ಉಡುಗೆ ತೊಡಿಸುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವುದು ಹೇಗೆ, ಹಾಗೆ ಒಪ್ಪಿಸುವಾಗ ವಹಿಸಬೇಕಾದ ಎಚ್ಚರವೇನು ಎಂಬುದನ್ನು ಈಗ ವಿಚಾರಿಸೋಣ.

ಖಾತೆಪುಸ್ತಕದ ಎದುರುಬದುರಿನ ಎರಡು ಪುಟಗಳ ಅಗಲಕ್ಕೂ ಹರಡಿಕೊಳ್ಳುವ ದೊಡ್ಡ ಲೆಕ್ಕದ ಹಾಳೆಗೆ ಇಂಗ್ಲಿಷಿನಲ್ಲಿ ಸ್ಪ್ರೆಡ್‌ಷೀಟ್ ಎಂದು ಹೆಸರಿತ್ತು. ಹರಡಿದ ಹಾಳೆ ಎಂಬುದೇ ಆ ಮಾತಿನ ಅರ್ಥ. 1978ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯವಹಾರಶಾಸ್ತ್ರವನ್ನು ಅಭ್ಯಾಸಮಾಡುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬ ತರುಣನು, ತರಗತಿಯ ಕರಿಹಲಗೆಯ ಮೇಲೆ ಬರೆದ ಇಂಥ ಕೋಷ್ಟಕವನ್ನು ನೋಡಿ ಒಂದು ಯೋಚನೆ ಮಾಡಿದನು. ಕೋಷ್ಟಕದಲ್ಲಿ ಒಂದು ಅಂಕಿಯನ್ನು ತಿದ್ದಿದರೆ, ಅದನ್ನು ಅವಲಂಬಿಸಿದ ಎಲ್ಲ ಅಂಕಿಗಳನ್ನೂ ಅಳಿಸಿ ಮತ್ತೆ ಬರೆಯಬೇಕಾಗುತ್ತಿತ್ತು. ಒಂದನ್ನು ತಿದ್ದಿದೊಡನೆ ಉಳಿದವೆಲ್ಲವೂ ತಾವಾಗಿಯೇ ತಿದ್ದಿಕೊಳ್ಳುವಂಥ ಹಲಗೆಯಿದ್ದರೆ ಹೇಗೆ? ಈ ಯೋಚನೆಯನ್ನು ಅವನು ತನ್ನ ಗೆಳೆಯನಾದ ಬಾಬ್ ಫ್ರಾಂಕ್‌ಸ್ಟನ್ನನ ನೆರವಿನಿಂದ ಕಾರ್ಯಗತಗೊಳಿಸಿದನು. 1979ರಲ್ಲಿ ಆಪಲ್ 2 ಎಂಬ ಪುಟ್ಟ ಗಣಕಯಂತ್ರಕ್ಕಾಗಿ ಹೊರಬಂದ ಆ ತಂತ್ರಾಂಶದ ಹೆಸರು ವಿಸಿಕ್ಯಾಲ್ಕ್. ಅದರ ಹಾಳೆಯಲ್ಲಿ 63 ಕಂಬಸಾಲುಗಳೂ 254 ಅಡ್ಡಸಾಲುಗಳೂ ಇದ್ದವು. ಒಂದು ಕಂಬಸಾಲೂ ಒಂದು ಅಡ್ಡಸಾಲೂ ಕೂಡುವ ಮನೆಗೆ ಸೆಲ್ ಅಥವಾ ಕೋಶವೆಂದು ಹೆಸರು. ಕೋಶದಲ್ಲಿ ಅಂಕಿಯನ್ನಾಗಲಿ, ಅಕ್ಷರಗಳನ್ನಾಗಲಿ, ಬೇರೆ ಕೋಶಗಳಿಂದ ಲೆಕ್ಕಮಾಡಿ ಪಡೆಯುವ ಸೂತ್ರವನ್ನಾಗಲಿ ಇಡಬಹುದು.

ಗಮನಿಸಬೇಕಾದ ಸಂಗತಿಯೆಂದರೆ, ಅಷ್ಟು ಚಿಕ್ಕದಾದ ಮೊದಲ ತಂತ್ರಾಂಶದಲ್ಲಿಯೇ ಅಂಕಿಗಳ ರೂಪವನ್ನು ನಿರ್ಧರಿಸುವ ಆಜ್ಞೆಯೊಂದಿತ್ತು. ಅಂಕಿಯನ್ನು ಪೂರ್ಣಾಂಕವಾಗಿ ತೋರಿಸು, ಹಣದಂತೆ ಎರಡು ದಶಮಾಂಶ ಸ್ಥಾನಗಳೊಡನೆ ತೋರಿಸು, ಎಡಕ್ಕೆ ಒತ್ತಿಸು, ಬಲಕ್ಕೆ ಒತ್ತಿಸು, ಅಂಕಿಯ ಬದಲು ಅಷ್ಟು ನಕ್ಷತ್ರ ಚಿಹ್ನೆಗಳ ಸಾಲನ್ನು ತೋರಿಸು ಎಂದು ಯಂತ್ರಕ್ಕೆ ಹೇಳಬಹುದಾಗಿತ್ತು. ಅನಂತರ 1983ರಲ್ಲಿ ಲೋಟಸ್ 1-2-3, 1985ರಲ್ಲಿ ಮ್ಯಾಕಿಂಟಾಷ್ ಯಂತ್ರಕ್ಕಾಗಿ ಎಕ್ಸೆಲ್ ಹೊರಬಂದವು. ಎಕ್ಸೆಲ್ಲಿನ ಹಾಳೆಯಲ್ಲಿ 2007ರಿಂದೀಚೆಗೆ 16,384 ಕಂಬಸಾಲುಗಳೂ 10,48,576 ಅಡ್ಡಸಾಲುಗಳೂ ಇವೆ. ಲಿಬ್ರೆ ಆಫೀಸಿನ ಕ್ಯಾಲ್ಕ್‌ನಂಥ ಉಚಿತ ತಂತ್ರಾಂಶಗಳೂ ಇಂದು ದೊರೆಯುತ್ತವೆ. ಹಾಳೆ ಎಷ್ಟೇ ಬೆಳೆದರೂ ಮೂಲತತ್ತ್ವ ಮಾತ್ರ ಅದೇ: ಕೋಶದೊಳಗೆ ಒಂದು ವಸ್ತುವಿದೆ, ಆ ವಸ್ತುವಿಗೆ ಒಂದು ಉಡುಗೆಯಿದೆ. ಈ ಉಡುಗೆ ತೊಡಿಸುವ ಕೆಲಸವನ್ನೇ ಫಾರ್ಮ್ಯಾಟಿಂಗ್ ಎಂದು ಕರೆಯುತ್ತಾರೆ. ನಾವು ಅದನ್ನು ರೂಪವಿನ್ಯಾಸ ಎನ್ನೋಣ.

ವಸ್ತುವಿಗೂ ಉಡುಗೆಗೂ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಎಕ್ಸೆಲ್ ಹಾಳೆಯ ಒಂದು ಕೋಶದಲ್ಲಿ 15-8-1947 ಎಂದು ನಮ್ಮ ಸ್ವಾತಂತ್ರ್ಯದಿನವನ್ನು ಬರೆಯಿರಿ. ಕಣ್ಣಿಗೆ ದಿನಾಂಕವೇ ಕಾಣುತ್ತದೆ. ಆದರೆ ಕೋಶದೊಳಗೆ ಇರುವುದು ದಿನಾಂಕವಲ್ಲ; 17394 ಎಂಬ ಒಂದು ಸಂಖ್ಯೆ. 1900ರ ಜನವರಿ 1ನ್ನು ಒಂದನೆಯ ದಿನವೆಂದು ಹಿಡಿದು ಯಂತ್ರವು ದಿನಗಳನ್ನು ಎಣಿಸುತ್ತದೆ. ಆ ಎಣಿಕೆಗೆ ದಿನಾಂಕದ ಉಡುಗೆಯನ್ನು ತೊಡಿಸಿ ನಮ್ಮ ಮುಂದೆ ನಿಲ್ಲಿಸುತ್ತದೆ. ಉಡುಗೆಯನ್ನು ಕಳಚಿದರೆ ಸಂಖ್ಯೆ ಹೊರಬೀಳುತ್ತದೆ. ನಮ್ಮ ದೇಶವು ಗಣರಾಜ್ಯವಾದ 26-1-1950ರ ಸಂಖ್ಯೆ 18289. ಒಂದರಿಂದ ಇನ್ನೊಂದನ್ನು ಕಳೆದರೆ 895 ಬರುತ್ತದೆ. ಸ್ವಾತಂತ್ರ್ಯದಿನಕ್ಕೂ ಗಣರಾಜ್ಯದಿನಕ್ಕೂ ನಡುವೆ ಸಂದ ದಿನಗಳ ಲೆಕ್ಕ ಅದೇ. ದಿನಾಂಕಗಳನ್ನು ಹೀಗೆ ಸುಲಭವಾಗಿ ಕಳೆಯಲು ಸಾಧ್ಯವಾಗುವುದು ಅವು ಒಳಗೆ ಬರಿಯ ಸಂಖ್ಯೆಗಳಾಗಿರುವುದರಿಂದಲೇ.

ಇನ್ನೊಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನೂರು ರೂಪಾಯಿಗಳನ್ನು ಮೂವರಿಗೆ ಸಮನಾಗಿ ಹಂಚಬೇಕು. ಮೂರು ಕೋಶಗಳಲ್ಲಿಯೂ 33.333 ಎಂದು ಮುಂದುವರಿಯುವ ದಶಮಾಂಶ ಸಂಖ್ಯೆಯಿದೆ. ದಶಮಾಂಶ ಬೇಡವೆಂದು ರೂಪವಿನ್ಯಾಸ ಮಾಡಿದರೆ ಮೂರು ಕಡೆಯೂ 33 ಎಂದು ಕಾಣುತ್ತದೆ. ಕೆಳಗೆ ಮೊತ್ತ ಮಾತ್ರ 100 ಎಂದೇ ಇರುತ್ತದೆ. ಕಾಗದದ ಮೇಲೆ ಇದನ್ನು ಕೂಡಿನೋಡಿದವನಿಗೆ 99 ಬರುತ್ತದೆ. ಯಂತ್ರವು ಕೂಡಿದ್ದು ಕಾಣುವ ಅಂಕಿಗಳನ್ನಲ್ಲ, ಒಳಗಿರುವ ಅಂಕಿಗಳನ್ನು. ಲೆಕ್ಕ ತಪ್ಪಿಲ್ಲ, ಆದರೆ ಉಡುಗೆಯು ಓದುಗನಿಗೆ ಅರ್ಧ ಸತ್ಯವನ್ನು ಹೇಳಿತು. ಕಂಬಸಾಲು ಕಿರಿದಾದಾಗ ಅಂಕಿಯ ಬದಲು ##### ಎಂಬ ಗುರುತುಗಳು ಕಾಣುವುದೂ ಇಂಥದೇ. ಅಂಕಿ ಅಳಿದುಹೋಯಿತೆಂದು ಗಾಬರಿಪಡುವ ಕಾರಣವಿಲ್ಲ. ಸಾಲನ್ನು ಅಗಲಮಾಡಿದರೆ ಅಂಕಿ ಮೊದಲಿನಂತೆಯೇ ಕಾಣಿಸಿಕೊಳ್ಳುತ್ತದೆ.

ಅಂಕಿಗಳಂತೆ ಕಂಡರೂ ಅಂಕಿಗಳಲ್ಲದ ವಸ್ತುಗಳೂ ಲೋಕದಲ್ಲಿವೆ. ಬೆಂಗಳೂರಿನ ದೂರವಾಣಿಯ ಸಂಕೇತ 080. ಇದನ್ನು ಕೋಶದಲ್ಲಿ ಹಾಗೆಯೇ ಬರೆದರೆ ಯಂತ್ರವು ಇದನ್ನು ಸಂಖ್ಯೆಯೆಂದು ತಿಳಿದು, ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವೆಂಬ ಗಣಿತದ ನಿಯಮದಂತೆ ಅದನ್ನು ಕಿತ್ತೊಗೆದು 80 ಎಂದು ಇಟ್ಟುಕೊಳ್ಳುತ್ತದೆ. ಗಣಿತಕ್ಕೆ ಸೊನ್ನೆಯ ಅಗತ್ಯವಿಲ್ಲ, ದೂರವಾಣಿಗೆ ಇದೆ. ಆದ್ದರಿಂದ ಬರೆಯುವ ಮೊದಲೇ ಆ ಕೋಶವು ಅಕ್ಷರಗಳಿಗೆ ಮೀಸಲು ಎಂದು ಯಂತ್ರಕ್ಕೆ ತಿಳಿಸಬೇಕು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಒಬ್ಬ ವಿದ್ಯಾರ್ಥಿಯ ಅಂಕ 72 ಎಂಬುದು ಹೇಗೋ ಅಕ್ಷರಗಳ ರೂಪದಲ್ಲಿ ಕೋಶವನ್ನು ಸೇರಿದೆಯೆಂದು ಭಾವಿಸೋಣ. ನೋಡುವವರಿಗೆ ಅದು ಎಪ್ಪತ್ತೆರಡೇ. ಆದರೆ ಮೊತ್ತಮಾಡುವ ಸೂತ್ರವು ಅಕ್ಷರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾವ ಎಚ್ಚರಿಕೆಯನ್ನೂ ಕೊಡದೆ ಅದನ್ನು ದಾಟಿ ಮುಂದೆ ಹೋಗುತ್ತದೆ. ಆ ವಿದ್ಯಾರ್ಥಿಯ ಒಟ್ಟು ಅಂಕಗಳಲ್ಲಿ ಎಪ್ಪತ್ತೆರಡು ಕಡಿಮೆಯಾಗುತ್ತವೆ. ಇದನ್ನು ಕಂಡುಹಿಡಿಯಲು ಸುಲಭವಾದ ಒಂದು ಗುರುತಿದೆ. ನಾವು ಬೇರೆ ರೀತಿ ಹೇಳದಿದ್ದರೆ ಯಂತ್ರವು ಸಂಖ್ಯೆಗಳನ್ನು ಕೋಶದ ಬಲಕ್ಕೂ ಅಕ್ಷರಗಳನ್ನು ಎಡಕ್ಕೂ ಒತ್ತಿಸಿಡುತ್ತದೆ. ಬಲಗಡೆ ಸಾಲಾಗಿ ನಿಂತ ಅಂಕಿಗಳ ನಡುವೆ ಒಂದು ಅಂಕಿ ಮಾತ್ರ ಎಡಕ್ಕೆ ಸರಿದಿದ್ದರೆ ಅದು ಸಂಖ್ಯೆಯಲ್ಲವೆಂದು ಸಂದೇಹಪಡಬೇಕು. ಅಂದಕ್ಕಾಗಿ ಎಲ್ಲವನ್ನೂ ನಡುವಿಗೆ ತಂದು ನಿಲ್ಲಿಸುವವರು ಈ ಗುರುತನ್ನು ತಾವೇ ಅಳಿಸಿಹಾಕಿದಂತಾಗುತ್ತದೆ.

ವಸ್ತು ಬೇರೆ, ಉಡುಗೆ ಬೇರೆ ಎಂಬುದು ಹಾಳೆಯನ್ನು ಕಾಪಿಡುವ ಕಡತದ ರಚನೆಯಲ್ಲಿಯೂ ಕಂಡುಬರುತ್ತದೆ. 2007ರಿಂದ ರೂಢಿಗೆ ಬಂದ ಎಕ್ಸೆಲ್ ಕಡತವೆಂದರೆ ವಾಸ್ತವವಾಗಿ ಹಲವು ಸಣ್ಣ ಕಡತಗಳನ್ನು ಒತ್ತಿ ಕಟ್ಟಿದ ಒಂದು ಗಂಟು. ಅದರಲ್ಲಿ ಕೋಶಗಳ ವಸ್ತು ಒಂದು ಕಡೆ, ಉಡುಗೆಗಳ ಪಟ್ಟಿ ಇನ್ನೊಂದು ಕಡೆ ಇರುತ್ತದೆ. ಪ್ರತಿಯೊಂದು ಕೋಶವೂ ತನ್ನ ಸಂಖ್ಯೆಯ ಜೊತೆಗೆ, ಪಟ್ಟಿಯ ಇಷ್ಟನೆಯ ಉಡುಗೆ ನನ್ನದು ಎಂಬ ಒಂದು ಗುರುತನ್ನು ಮಾತ್ರ ಇಟ್ಟುಕೊಂಡಿರುತ್ತದೆ. ಶಾಲೆಯ ಎಲ್ಲ ಮಕ್ಕಳಿಗೂ ಒಂದೇ ಸಮವಸ್ತ್ರವಿರುವಂತೆ, ಸಾವಿರ ಕೋಶಗಳು ಪಟ್ಟಿಯ ಒಂದೇ ಉಡುಗೆಯನ್ನು ಬೆರಳುಮಾಡಿ ತೋರಿಸಬಹುದು.

ಇನ್ನು ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ವಿಚಾರ. ಒಂದು ಕಚೇರಿಗೆ ನಲವತ್ತು ಶಾಲೆಗಳಿಂದ ನಲವತ್ತು ಅಂಕಪಟ್ಟಿಗಳು ಬರುತ್ತವೆಯೆಂದು ಇಟ್ಟುಕೊಳ್ಳೋಣ. ಪ್ರತಿಯೊಂದರಲ್ಲಿಯೂ ತಲೆಬರಹವನ್ನು ದಪ್ಪಕ್ಷರದಲ್ಲಿ ಮಾಡಬೇಕು. ಸುತ್ತ ಗೆರೆ ಹಾಕಬೇಕು. ಹುಟ್ಟಿದ ದಿನಾಂಕಗಳನ್ನು ಒಂದೇ ಕ್ರಮದಲ್ಲಿ ತೋರಿಸಬೇಕು. ಶೇಕಡ ಅಂಕಗಳಿಗೆ ಎರಡು ದಶಮಾಂಶ ಸ್ಥಾನ ಕೊಡಬೇಕು. ಮೂವತ್ತೈದಕ್ಕೆ ಕಡಿಮೆಯಾದ ಅಂಕಗಳನ್ನು ಎದ್ದುಕಾಣುವಂತೆ ಮಾಡಬೇಕು. ಹಾಳೆಯೊಂದಕ್ಕೆ ಹನ್ನೆರಡು ಕ್ರಿಯೆಗಳಾದರೂ ನಲವತ್ತು ಹಾಳೆಗಳಿಗೆ ನಾನೂರ ಎಂಬತ್ತು ಕ್ರಿಯೆಗಳಾದವು. ಒಂದೇ ಕೆಲಸವನ್ನು ಅಷ್ಟು ಸಲ ಮಾಡುವ ಮನುಷ್ಯನಿಗೆ ಬೇಸರವಾಗುತ್ತದೆ, ಬೇಸರವಾದಾಗ ತಪ್ಪಾಗುತ್ತದೆ. ಯಂತ್ರಕ್ಕೆ ಬೇಸರವೆಂಬುದಿಲ್ಲ.

ಹಲವು ಕ್ರಿಯೆಗಳನ್ನು ಒಂದು ಹೆಸರಿನ ಅಡಿಯಲ್ಲಿ ಕಟ್ಟಿಟ್ಟು, ಆ ಹೆಸರು ಹೇಳಿದೊಡನೆ ಎಲ್ಲವೂ ಕ್ರಮವಾಗಿ ನಡೆಯುವಂತೆ ಮಾಡುವ ಸಾಧನಕ್ಕೆ ಮ್ಯಾಕ್ರೊ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಈ ಮಾತಿಗೆ ದೊಡ್ಡದು, ಉದ್ದವಾದುದು ಎಂಬ ಅರ್ಥವಿದೆ. ಚಿಕ್ಕದೊಂದು ಆಜ್ಞೆ ಹಲವು ಆಜ್ಞೆಗಳಾಗಿ ಹಿಗ್ಗುವುದರಿಂದ ಆ ಹೆಸರು ಒಪ್ಪುತ್ತದೆ. ಲೋಟಸ್ 1-2-3 ತಂತ್ರಾಂಶದಲ್ಲಿ ಒತ್ತಬೇಕಾದ ಕೀಲಿಗಳ ಸಾಲನ್ನೇ ಹಾಳೆಯಲ್ಲಿ ಬರೆದಿಟ್ಟು ಮ್ಯಾಕ್ರೊ ಮಾಡುತ್ತಿದ್ದರು. 1993ರಲ್ಲಿ ಎಕ್ಸೆಲ್ಲಿಗೆ ವಿಷುವಲ್ ಬೇಸಿಕ್ ಎಂಬ ಕ್ರಮವಿಧಿ ಭಾಷೆಯ ಒಂದು ರೂಪವನ್ನು ಸೇರಿಸಲಾಯಿತು. ಇಂದು ಪೈಥಾನ್ ಮೊದಲಾದ ಭಾಷೆಗಳಲ್ಲಿ ಕ್ರಮವಿಧಿ ಬರೆದು, ಹಾಳೆಯನ್ನು ಪರದೆಯ ಮೇಲೆ ತೆರೆಯದೆಯೇ ಅದರ ಕೋಶಗಳಿಗೆ ಉಡುಗೆ ತೊಡಿಸುವುದೂ ಸಾಧ್ಯ.

ಮ್ಯಾಕ್ರೊ ಮಾಡಲು ಎರಡು ದಾರಿಗಳಿವೆ. ಮೊದಲನೆಯದು ಧ್ವನಿಮುದ್ರಣವನ್ನು ಹೋಲುತ್ತದೆ. ಮುದ್ರಿಸಿಕೋ ಎಂದು ಯಂತ್ರಕ್ಕೆ ಹೇಳಿ, ಒಂದು ಹಾಳೆಯ ಮೇಲೆ ನಮ್ಮ ಕೆಲಸವನ್ನು ಮಾಡುತ್ತ ಹೋದರೆ, ಅದು ಪ್ರತಿಯೊಂದು ಹೆಜ್ಜೆಯನ್ನೂ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಹಾಳೆಯನ್ನು ತೆರೆದು ಗುಂಡಿಯೊತ್ತಿದರೆ ಅದೇ ಹೆಜ್ಜೆಗಳನ್ನು ಕ್ಷಣಮಾತ್ರದಲ್ಲಿ ಇಡುತ್ತದೆ. ಇದು ಸುಲಭವಾದ ದಾರಿ. ಆದರೆ ಇಲ್ಲಿ ಯಂತ್ರವು ಕಲಿತದ್ದು ನಮ್ಮ ಕೈಯ ಚಲನೆಯನ್ನೇ ಹೊರತು ನಮ್ಮ ಉದ್ದೇಶವನ್ನಲ್ಲ. ಮೊದಲ ಶಾಲೆಯಲ್ಲಿ ಅರವತ್ತು ವಿದ್ಯಾರ್ಥಿಗಳಿದ್ದರೆ, ಎರಡನೆಯ ಸಾಲಿನಿಂದ ಅರವತ್ತೊಂದನೆಯ ಸಾಲಿನವರೆಗೆ ಗೆರೆ ಹಾಕು ಎಂದು ಅದು ಬರೆದುಕೊಂಡಿರುತ್ತದೆ. ಎರಡನೆಯ ಶಾಲೆಯಲ್ಲಿ ಎಪ್ಪತ್ತು ಮಂದಿಯಿದ್ದರೆ ಕೊನೆಯ ಹತ್ತು ಮಂದಿ ಗೆರೆಯ ಹೊರಗೇ ಉಳಿಯುತ್ತಾರೆ. ಯಂತ್ರವು ಹೇಳಿದ್ದನ್ನು ಚಾಚೂತಪ್ಪದೆ ಮಾಡಿದೆ; ನಾವು ಹೇಳಬೇಕಾದುದನ್ನು ಹೇಳಿರಲಿಲ್ಲ.

ಎರಡನೆಯದು ಆಜ್ಞೆಗಳನ್ನು ಆಲೋಚಿಸಿ ಬರೆಯುವ ದಾರಿ. ಅದನ್ನು ಕನ್ನಡದಲ್ಲಿ ಹೇಳುವುದಾದರೆ ಸ್ಥೂಲವಾಗಿ ಹೀಗಿರುತ್ತದೆ: ಎರಡನೆಯ ಸಾಲಿನಿಂದ ಆರಂಭಿಸು, ಹೆಸರು ಬರೆದಿರುವ ಕಟ್ಟಕಡೆಯ ಸಾಲು ಯಾವುದೆಂದು ಹುಡುಕು, ಅಲ್ಲಿಯವರೆಗೆ ಒಂದೊಂದೇ ಸಾಲನ್ನು ತೆಗೆದುಕೋ, ಹುಟ್ಟಿದ ದಿನಾಂಕದ ಕೋಶಕ್ಕೆ ದಿನಾಂಕದ ಉಡುಗೆ ಕೊಡು, ಶೇಕಡದ ಕೋಶಕ್ಕೆ ಎರಡು ದಶಮಾಂಶದ ಉಡುಗೆ ಕೊಡು, ಅಂಕದ ಕೋಶದಲ್ಲಿ ಸಂಖ್ಯೆಯಿಲ್ಲದೆ ಬೇರೇನಾದರೂ ಇದ್ದರೆ ನಿಲ್ಲಿಸಿ ನನಗೆ ತಿಳಿಸು. ಇಲ್ಲಿ ಅರವತ್ತು, ಎಪ್ಪತ್ತು ಎಂಬ ಮಾತೇ ಇಲ್ಲ. ಕೊನೆಯ ಸಾಲು ಎಂದರೇನೆಂಬ ಅರ್ಥವನ್ನೇ ಯಂತ್ರಕ್ಕೆ ಕಲಿಸಿದ್ದೇವೆ. ಕಡೆಯ ಆಜ್ಞೆಯಂತೂ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಸಂದೇಹ ಬಂದೆಡೆ ತಾನೇ ಊಹಿಸಿಕೊಂಡು ಮುಂದೆ ಹೋಗುವ ಯಂತ್ರಕ್ಕಿಂತ, ನಿಂತು ಕೇಳುವ ಯಂತ್ರವೇ ಮೇಲು.

ಬಣ್ಣ ಕೊಡುವ ಕೆಲಸಕ್ಕೆ ಮ್ಯಾಕ್ರೊಗಿಂತ ಹಗುರವಾದ ಉಪಾಯವೂ ಒಂದಿದೆ. ಮೂವತ್ತೈದಕ್ಕೆ ಕಡಿಮೆಯಾದರೆ ಕೆಂಪಾಗು ಎಂಬ ನಿಯಮವನ್ನು ಕೋಶಗಳಿಗೇ ಅಂಟಿಸಿಡಬಹುದು. ಅಂಕವನ್ನು ತಿದ್ದಿದೊಡನೆ ಬಣ್ಣವೂ ತಾನಾಗಿಯೇ ಬದಲಾಗುತ್ತದೆ. ಆದರೆ ಬಣ್ಣವನ್ನೇ ನಂಬಿ ವಿಷಯವನ್ನು ಬಿಡಬಾರದು. ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣುಳ್ಳವರು ನಮ್ಮ ನಡುವೆ ಇದ್ದಾರೆ. ಕಪ್ಪು ಬಿಳುಪಿನಲ್ಲಿ ಅಚ್ಚುಹಾಕಿದಾಗ ಬಣ್ಣವೆಲ್ಲವೂ ಬೂದಿಯಾಗುತ್ತದೆ. ಮೊತ್ತಮಾಡುವ ಸಾಮಾನ್ಯ ಸೂತ್ರಗಳಿಗಂತೂ ಬಣ್ಣ ಕಾಣುವುದೇ ಇಲ್ಲ. ಅನುತ್ತೀರ್ಣ ಎಂದು ಹೇಳಬೇಕಾದರೆ ಪಕ್ಕದ ಕೋಶದಲ್ಲಿ ಆ ಮಾತನ್ನೂ ಬರೆಯುವುದು ಒಳ್ಳೆಯದು.

ಯಂತ್ರವು ಊಹೆಮಾಡಿದರೆ ಆಗುವ ಅನಾಹುತ ಎಂಥದು ಎಂಬುದಕ್ಕೆ ಜೀವಶಾಸ್ತ್ರದ ಇತಿಹಾಸದಲ್ಲಿ ಒಂದು ನಿದರ್ಶನವಿದೆ. ಮಾನವದೇಹದ ಜೀನುಗಳಿಗೆ ವಿಜ್ಞಾನಿಗಳು ಚಿಕ್ಕ ಚಿಕ್ಕ ಸಂಕೇತನಾಮಗಳನ್ನು ಇಟ್ಟಿದ್ದಾರೆ. ಸೆಪ್ಟಿನ್ ಎಂಬ ಪ್ರೋಟೀನಿಗೆ ಸಂಬಂಧಿಸಿದ ಒಂದು ಜೀನಿಗೆ ಸೆಪ್ಟ್2 ಎಂದೂ, ಬೇರೊಂದಕ್ಕೆ ಮಾರ್ಚ್1 ಎಂದೂ ಹೆಸರಿದ್ದವು. ಈ ಹೆಸರುಗಳನ್ನು ಎಕ್ಸೆಲ್ ಹಾಳೆಯಲ್ಲಿ ಬರೆದೊಡನೆ, ಇವು ಸೆಪ್ಟೆಂಬರ್ ಎರಡು, ಮಾರ್ಚ್ ಒಂದು ಎಂಬ ದಿನಾಂಕಗಳಿರಬೇಕೆಂದು ಯಂತ್ರವು ತಾನಾಗಿಯೇ ಊಹಿಸಿ ಹಾಗೆಯೇ ಮಾರ್ಪಡಿಸುತ್ತಿತ್ತು. ಇದು ಬರಿಯ ಉಡುಗೆಯ ಬದಲಾವಣೆಯಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಇಲ್ಲಿ ವಸ್ತುವೇ ಬದಲಾಯಿತು. 2024ರಲ್ಲಿ ಸೆಪ್ಟ್2 ಎಂದು ಬರೆದಿದ್ದರೆ ಕೋಶದೊಳಗೆ ಸೇರಿದ್ದು 45537 ಎಂಬ ಸಂಖ್ಯೆ. ಅನಂತರ ಆ ಕೋಶಕ್ಕೆ ಅಕ್ಷರಗಳ ಉಡುಗೆಯನ್ನು ತೊಡಿಸಿದರೆ ಆ ಸಂಖ್ಯೆಯೇ ಕಾಣುತ್ತದೆ. ಕಳೆದುಹೋದ ಹೆಸರು ಹಿಂದಿರುಗುವುದಿಲ್ಲ. ಸಾವಿರಾರು ಜೀನುಗಳ ಉದ್ದನೆಯ ಪಟ್ಟಿಯಲ್ಲಿ ಇಂಥ ನಾಲ್ಕಾರು ದಿನಾಂಕಗಳು ಯಾರ ಕಣ್ಣಿಗೂ ಬೀಳದೆ ಅಡಗಿರುತ್ತಿದ್ದವು.

2004ರಲ್ಲಿಯೇ ಕೆಲವು ವಿಜ್ಞಾನಿಗಳು ಈ ದೋಷವನ್ನು ಪ್ರಕಟವಾಗಿ ತಿಳಿಸಿ ಎಚ್ಚರಿಸಿದರು. ಆದರೂ ತಪ್ಪು ನಿಲ್ಲಲಿಲ್ಲ. 2016ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಹದಿನೆಂಟು ವಿಜ್ಞಾನ ಪತ್ರಿಕೆಗಳ ಲೇಖನಗಳೊಡನೆ ಪ್ರಕಟವಾಗಿದ್ದ ಜೀನುಗಳ ಎಕ್ಸೆಲ್ ಪಟ್ಟಿಗಳನ್ನು ಪರೀಕ್ಷಿಸಿದಾಗ, ಐದರಲ್ಲಿ ಒಂದು ಪಾಲಿನಷ್ಟು ಲೇಖನಗಳಲ್ಲಿ ಈ ತಪ್ಪಿರುವುದು ತಿಳಿದುಬಂದಿತು. ಕಡೆಗೆ, ಮಾನವ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು ಆ ಹೆಸರುಗಳನ್ನೇ ಬದಲಾಯಿಸಿ, ಹೆಸರಿಡುವ ಹೊಸ ನಿಯಮಗಳನ್ನು 2020ರಲ್ಲಿ ಪ್ರಕಟಿಸಿತು. ಸೆಪ್ಟ್2 ಎಂಬುದು ಸೆಪ್ಟಿನ್2 ಆಯಿತು. ಮಾರ್ಚ್1 ಎಂಬುದು ಮಾರ್ಚ್‌ಎಫ್1 ಆಯಿತು. ಮನುಷ್ಯನಿಗಾಗಿ ಯಂತ್ರವು ಬದಲಾಗುವ ಮೊದಲು ಯಂತ್ರಕ್ಕಾಗಿ ವಿಜ್ಞಾನದ ಹೆಸರುಗಳೇ ಬದಲಾಗಬೇಕಾಯಿತು. ಇಂಥ ಮಾರ್ಪಾಟು ಬೇಡವೆಂದು ಹೇಳುವ ಸೌಲಭ್ಯ ಎಕ್ಸೆಲ್ಲಿನಲ್ಲಿ ದೊರೆತದ್ದು 2023ರಲ್ಲಿ.

ಉಡುಗೆಯು ವಸ್ತುವನ್ನು ಬದಲಾಯಿಸದಿದ್ದರೂ ಅದನ್ನು ಮರೆಮಾಡಬಲ್ಲದು. ಒಂದು ಸಾಲನ್ನು ಅಳಿಸದೆಯೇ ಕಾಣದಂತೆ ಮಡಿಸಿಡುವ ಅನುಕೂಲ ಈ ಹಾಳೆಗಳಲ್ಲಿ ಇದೆ. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ದಿವಾಳಿಯೆದ್ದಾಗ, ಅದರ ಆಸ್ತಿಯ ಒಂದು ಭಾಗವನ್ನು ಬಾರ್‌ಕ್ಲೇಸ್ ಬ್ಯಾಂಕು ಕೊಳ್ಳಲು ಮುಂದಾಯಿತು. ಯಾವ ಯಾವ ಕರಾರುಗಳನ್ನು ವಹಿಸಿಕೊಳ್ಳಬೇಕೆಂಬ ಪಟ್ಟಿ ಒಂದು ಎಕ್ಸೆಲ್ ಹಾಳೆಯಲ್ಲಿತ್ತು. ಬೇಡವಾದ 179 ಕರಾರುಗಳ ಸಾಲುಗಳನ್ನು ಅದರಲ್ಲಿ ಮರೆಮಾಡಿಡಲಾಗಿತ್ತು, ಅಳಿಸಿರಲಿಲ್ಲ. ನ್ಯಾಯಾಲಯಕ್ಕೆ ಸಲ್ಲಿಸಲು ಅವಸರದಿಂದ ಆ ಹಾಳೆಯ ರೂಪವನ್ನು ತಿದ್ದಿದಾಗ ಮರೆಯಲ್ಲಿದ್ದ ಸಾಲುಗಳೆಲ್ಲವೂ ಹೊರಬಂದು, ಬೇಕಾದ ಕರಾರುಗಳ ನಡುವೆ ಸೇರಿಕೊಂಡವು. ಆ ತಪ್ಪನ್ನು ಸರಿಪಡಿಸಿಕೊಡಬೇಕೆಂದು ಮತ್ತೆ ನ್ಯಾಯಾಲಯವನ್ನೇ ಬೇಡಬೇಕಾಯಿತು. ಬೇಡವಾದುದನ್ನು ಮರೆಮಾಡಿದರೆ ಸಾಲದು. ಬೇಡವೆಂದು ಬರೆದಿಡಬೇಕು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಹಾಗಾದರೆ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲೇಬಾರದೆ? ಹಾಗೆ ಹೇಳುವುದು ಸರಿಯಲ್ಲ. ನಾನೂರ ಎಂಬತ್ತು ಕ್ರಿಯೆಗಳನ್ನು ಕೈಯಿಂದಲೇ ಮಾಡುವವನು ಮಾಡುವ ತಪ್ಪುಗಳು ಕಡಿಮೆಯೇನಲ್ಲ. ಒಪ್ಪಿಸುವ ಕ್ರಮವನ್ನು ತಿಳಿದು ಒಪ್ಪಿಸಬೇಕು, ಅಷ್ಟೆ. ಮೊದಲನೆಯದಾಗಿ, ಮೂಲ ಹಾಳೆಯ ಪ್ರತಿಯೊಂದನ್ನು ಮುಟ್ಟದೆ ತೆಗೆದಿಡಬೇಕು. ಎಕ್ಸೆಲ್ಲಿನಲ್ಲಿ ಮ್ಯಾಕ್ರೊ ಮಾಡಿದ ಬದಲಾವಣೆಯನ್ನು, ಕೈಯಿಂದ ಮಾಡಿದ ಬದಲಾವಣೆಯಂತೆ, ಹಿಂತೆಗೆದುಕೊಳ್ಳುವ ಗುಂಡಿಯೊತ್ತಿ ರದ್ದುಮಾಡಲು ಸಾಮಾನ್ಯವಾಗಿ ಬರುವುದಿಲ್ಲ. ಎರಡನೆಯದಾಗಿ, ಯಾವ ಕಂಬಸಾಲಿನಲ್ಲಿ ಇರುವುದು ಸಂಖ್ಯೆ, ಯಾವುದರಲ್ಲಿ ದಿನಾಂಕ, ಯಾವುದರಲ್ಲಿ ಅಕ್ಷರ ಎಂಬುದನ್ನು ಅಂಕಿಗಳು ಹಾಳೆಯನ್ನು ಸೇರುವ ಮೊದಲೇ ಯಂತ್ರಕ್ಕೆ ಸ್ಪಷ್ಟವಾಗಿ ಹೇಳಬೇಕು. 4-5-2024 ಎಂಬುದು ನಮಗೆ ಮೇ ತಿಂಗಳ ನಾಲ್ಕನೆಯ ದಿನ. ಅಮೆರಿಕದವರಿಗೆ ಏಪ್ರಿಲ್ ತಿಂಗಳ ಐದನೆಯ ದಿನ. 2024-05-04 ಎಂದು ವರ್ಷವನ್ನು ಮುಂದಿಟ್ಟು ಬರೆಯುವ ಅಂತರರಾಷ್ಟ್ರೀಯ ಕ್ರಮ 1988ರಿಂದ ಇದೆ. ಯಂತ್ರಕ್ಕೆ ಕೊಡುವಾಗ ಅದನ್ನು ಅನುಸರಿಸಿದರೆ ಗೊಂದಲವಿರದು. ಮೂರನೆಯದಾಗಿ, ಉಡುಗೆಗಾಗಿ ವಸ್ತುವನ್ನು ಕೆಡಿಸಬಾರದು. 12,34,567 ಎಂದು ನಮ್ಮ ಲಕ್ಷದ ಕ್ರಮದಲ್ಲಿ ಅಲ್ಪವಿರಾಮಗಳು ಕಾಣಬೇಕೆಂದು, ಅವುಗಳನ್ನು ಅಂಕಿಯ ನಡುವೆ ಅಕ್ಷರಗಳಂತೆ ತುರುಕುವ ಮ್ಯಾಕ್ರೊ ಆ ಸಂಖ್ಯೆಯನ್ನು ಲೆಕ್ಕಕ್ಕೆ ಬಾರದಂತೆ ಮಾಡುತ್ತದೆ. ಸಂಖ್ಯೆಯನ್ನು ಹಾಗೆಯೇ ಬಿಟ್ಟು ತೋರುವ ಕ್ರಮವನ್ನು ಮಾತ್ರ ನಿರ್ದೇಶಿಸುವುದೇ ಸರಿಯಾದ ರೀತಿ. ನಾಲ್ಕನೆಯದಾಗಿ, ಕೆಲಸಕ್ಕೆ ಮೊದಲೂ ಅನಂತರವೂ ಮೊತ್ತವನ್ನು ಹೋಲಿಸಿ ನೋಡಬೇಕು. ಉಡುಗೆ ಬದಲಾದರೆ ಮೊತ್ತ ಬದಲಾಗಬಾರದು. ಬದಲಾದರೆ ಎಲ್ಲಿಯೋ ವಸ್ತುವಿಗೆ ಪೆಟ್ಟು ಬಿದ್ದಿದೆಯೆಂದೇ ಅರ್ಥ. ಕಡೆಯದಾಗಿ, ಅಪರಿಚಿತರು ಕಳುಹಿಸಿದ ಹಾಳೆಯಲ್ಲಿರುವ ಮ್ಯಾಕ್ರೊವನ್ನು ನಡೆಯಗೊಡಬಾರದು. ಗೆರೆ ಎಳೆಯಬಲ್ಲ ಆಜ್ಞೆ ಕಡತವನ್ನು ಅಳಿಸಲೂ ಬಲ್ಲದು.

ಯಂತ್ರವು ನಮ್ಮ ಕೈಯ ಶ್ರಮವನ್ನು ಹಗುರಮಾಡಿದೆ. ಆದರೆ ಈ ಅಂಕಿ ಯಾವುದನ್ನು ಹೇಳುತ್ತದೆ, ಯಾರು ಅದನ್ನು ಓದುತ್ತಾರೆ, ಓದಿ ಏನನ್ನು ನಿರ್ಧರಿಸುತ್ತಾರೆ ಎಂಬ ಪ್ರಶ್ನೆಗಳು ಯಂತ್ರದವಲ್ಲ, ನಮ್ಮವು. ಅಂಕಪಟ್ಟಿಯ ಒಂದು ಕೋಶದ ಹಿಂದೆ ಒಬ್ಬ ವಿದ್ಯಾರ್ಥಿಯಿದ್ದಾನೆ. ಜೀನುಗಳ ಪಟ್ಟಿಯ ಹಿಂದೆ ಒಂದು ರೋಗದ ಕಾರಣವನ್ನು ಹುಡುಕುವ ಪ್ರಯತ್ನವಿದೆ. ಬಿಡಿಯ ಕೆಳಗೆ ಬಿಡಿಯನ್ನು ಜೋಡಿಸುತ್ತಿದ್ದ ಹಿಂದಿನ ಲೆಕ್ಕಿಗನಿಗೆ ಇದ್ದ ಶ್ರದ್ಧೆ, ಗುಂಡಿಯೊತ್ತಿ ಸಾವಿರ ಸಾಲುಗಳಿಗೆ ರೂಪ ಕೊಡುವ ಇಂದಿನವನಿಗೂ ಬೇಕು. ಅಂದವಾದ ಹಾಳೆಯೆಲ್ಲವೂ ಸತ್ಯವಾದ ಹಾಳೆಯಲ್ಲ. ಸತ್ಯವನ್ನು ಕೆಡಿಸದೆ ಅದನ್ನು ಸ್ಪಷ್ಟವಾಗಿ ಕಾಣಿಸುವ ಅಂದವೇ ನಿಜವಾದ ಅಂದ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ವಿಸಿಕ್ಯಾಲ್ಕ್ ತಂತ್ರಾಂಶವು ಯಾವ ವರ್ಷ ಹೊರಬಂದಿತು?
2. ಕೋಶದಲ್ಲಿ ಸಂಖ್ಯೆಗಳೂ ಅಕ್ಷರಗಳೂ ಸಾಮಾನ್ಯವಾಗಿ ಯಾವ ಯಾವ ಪಕ್ಕಕ್ಕೆ ಒತ್ತಿ ನಿಲ್ಲುತ್ತವೆ?
3. ##### ಎಂಬ ಗುರುತು ಕಂಡಾಗ ಏನು ಮಾಡಬೇಕು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ದಿನಾಂಕವು ಯಂತ್ರದೊಳಗೆ ಯಾವ ರೂಪದಲ್ಲಿರುತ್ತದೆ? ಅದರಿಂದ ಆಗುವ ಅನುಕೂಲವೇನು?
2. ಮುದ್ರಿಸಿದ ಮ್ಯಾಕ್ರೊಗೂ ಆಲೋಚಿಸಿ ಬರೆದ ಮ್ಯಾಕ್ರೊಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
3. ಜೀನುಗಳ ಹೆಸರುಗಳನ್ನು ಬದಲಾಯಿಸಬೇಕಾಗಿ ಬಂದ ಸಂದರ್ಭವನ್ನು ತಿಳಿಸಿರಿ.

ಇ) "ಸಂದೇಹ ಬಂದೆಡೆ ತಾನೇ ಊಹಿಸಿಕೊಂಡು ಮುಂದೆ ಹೋಗುವ ಯಂತ್ರಕ್ಕಿಂತ, ನಿಂತು ಕೇಳುವ ಯಂತ್ರವೇ ಮೇಲು." ಈ ಮಾತನ್ನು ಪಾಠದ ನಿದರ್ಶನಗಳಿಂದ ಸಮರ್ಥಿಸಿರಿ.